ಅವ್ವನ ‘ಆಲು’, ಮೇಷ್ಟ್ರ ‘ಹಾಲು’

ಕನ್ನಡ ಶಾಲೆಯ ಚರಿತ್ರೆಯನ್ನು ಬಹಳ ಜನ ಬರೆದಿದ್ದಾರೆ. ಯಾವ ದಿವಾನರ ಕಾಲದಲ್ಲಿ ಎಷ್ಟು ಶಾಲೆ ತೆರೆದವು, ಯಾವ ಪಾದ್ರಿ ಯಾವ ಪುಸ್ತಕ ಅಚ್ಚು ಹಾಕಿಸಿದ, ಯಾವ ಪಂಡಿತರು ಯಾವ ಪಾಠ ತಿದ್ದಿದರು, ಎಲ್ಲಾ ದಾಖಲಾಗಿದೆ. ಆ ಶಾಲೆಯ ಕೊನೇ ಸಾಲಿನಲ್ಲಿ, ಕೆಲವು ಕಡೆ ಜಗುಲಿ ಮೇಲೆ, ಕೆಲವು ಕಡೆ ಬಾಗಿಲಾಚೆ ಕೂತ ಕೇರಿಯ ಮಗುವಿನ ನಾಲಿಗೆಗೆ ಏನಾಯಿತು ಎಂಬುದನ್ನು ಬರೆದವರು ಕಡಿಮೆ. ಆ ಮಗು ಮನೆಯಿಂದ ಒಂದು ಭಾಷೆ ಹೊತ್ತುಕೊಂಡು ಬಂತು. ಶಾಲೆ ಅದಕ್ಕೆ ಇನ್ನೊಂದು ಭಾಷೆ ಕೊಟ್ಟಿತು. ಕೊಡುವಾಗ ಮೊದಲನೆಯದನ್ನು ಹೊರಗೆ ಬಿಟ್ಟು ಬಾ ಎಂದಿತು, ಹೊರಗೆ ಚಪ್ಪಲಿ ಬಿಟ್ಟು ಬಾ ಅನ್ನುವ ಹಾಗೆ. ಚಪ್ಪಲಿಯೇ ಇಲ್ಲದ ಮಗುವಿಗೆ ಬಿಡುವುದಕ್ಕೆ ಇದ್ದದ್ದು ಆ ಮಾತೊಂದೇ.

ಈ ಎರಡು ಭಾಷೆಗಳ ಹೆಸರು ಬೇರೆ ಬೇರೆಯಾಗಿದ್ದರೆ ತಿಕ್ಕಾಟ ಕಣ್ಣಿಗೆ ಕಾಣುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ತಾಂಡಾದಲ್ಲಿ ಗೋರಬೋಲಿ, ಶಾಲೆಯಲ್ಲಿ ಕನ್ನಡ. ಎರಡರ ಹೆಸರೂ ಕನ್ನಡವೇ ಆಗಿದ್ದರೆ ತಿಕ್ಕಾಟ ಕಾಣುವುದೇ ಇಲ್ಲ. ಆಗ ಮಗುವಿನ ಭಾಷೆ ಭಾಷೆಯಾಗಿ ಉಳಿಯುವುದಿಲ್ಲ, ಅದು ‘ತಪ್ಪು’ ಆಗುತ್ತದೆ. ಈ ಲೇಖನ ಆ ತಪ್ಪಿನ ಚರಿತ್ರೆ.

1

ಧಾರವಾಡದಿಂದ ಶುರು ಮಾಡೋಣ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದು ಧಾರವಾಡ, ಬೆಳಗಾವಿ ಸೀಮೆ ಕಂಪನಿ ಸರ್ಕಾರದ ಕೈಗೆ ಬಂತು. ಮುಂಬೈ ಪ್ರಾಂತ್ಯಕ್ಕೆ ಸೇರಿದ ಈ ಸೀಮೆಯಲ್ಲಿ ಜನರ ಮಾತು ಕನ್ನಡ, ಕಚೇರಿ ಮತ್ತು ಶಾಲೆಯ ಮಾತು ಮರಾಠಿ. ಕನ್ನಡ ಮಾತಾಡುವ ಮನೆಯ ಮಗು ಮರಾಠಿಯಲ್ಲಿ ಮಗ್ಗಿ ಕಲಿಯಬೇಕಿತ್ತು. ಇದು ಅನ್ಯಾಯ ಎಂದು ಅರಿತವರು ಹುಟ್ಟಿಕೊಂಡರು. ಡೆಪ್ಯುಟಿ ಚನ್ನಬಸಪ್ಪನವರು (1834–1881) ಶಾಲಾ ಇಲಾಖೆಯ ಒಳಗೇ ಇದ್ದುಕೊಂಡು ಕನ್ನಡ ಶಾಲೆಗಳಿಗಾಗಿ ದುಡಿದರು. ಮರಾಠಿ ಶಾಲೆಗಳು ಒಂದೊಂದಾಗಿ ಕನ್ನಡ ಶಾಲೆಗಳಾದವು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ನಾಡು ಇವರನ್ನು ನೆನೆಯುತ್ತದೆ, ನೆನೆಯಲೇಬೇಕು. ಮನೆಯ ಮಾತಿನಲ್ಲಿ ಕಲಿಯುವುದು ಮಗುವಿನ ಹಕ್ಕು ಎಂಬ ಮಾತನ್ನು ಈ ನೆಲದಲ್ಲಿ ಮೊದಲು ಗಟ್ಟಿಯಾಗಿ ಆಡಿದವರು ಇವರೇ.

ಅದೇ ಧಾರವಾಡದಲ್ಲಿ, ಅದೇ ಕಾಲದಲ್ಲಿ, ಇನ್ನೊಂದು ಘಟನೆ ನಡೆಯಿತು. 1856ರ ಜೂನಿನಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಶಾಲೆ ಒಲ್ಲೆ ಎಂದಿತು. ಅರ್ಜಿ ಮುಂಬೈ ಸರ್ಕಾರದ ತನಕ ಹೋಯಿತು. ಸರ್ಕಾರ ಕೊಟ್ಟ ಉತ್ತರ ನೋಡಿ: ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಒಬ್ಬನಿಗೋಸ್ಕರ ಶಾಲೆಯನ್ನು ಮಿಕ್ಕ ಜನಕ್ಕೆ ಉಪಯೋಗವಿಲ್ಲದಂತೆ ಮಾಡಲು ಆಗುವುದಿಲ್ಲ. ಎರಡು ವರ್ಷದ ಮೇಲೆ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲಾ ವರ್ಗಕ್ಕೂ ಸೇರಿದ್ದು ಎಂದು ಬರೆದರು. 1882ರ ಹಂಟರ್ ಆಯೋಗವೂ ಈ ತತ್ವವನ್ನು ಒಪ್ಪಿತು, ಒಪ್ಪಿದ ಜೊತೆಯಲ್ಲೇ ಕೆಳಜಾತಿಗಳಿಗೆ ಬೇರೆ ಶಾಲೆಗಳ ದಾರಿಯನ್ನೂ ತೋರಿಸಿತು. ತತ್ವ ಕಾಗದದ ಮೇಲೆ, ಮಗು ಅಂಗಳದಲ್ಲಿ. 1928ರಲ್ಲಿ ಸೈಮನ್ ಆಯೋಗದ ಮುಂದೆ ದಲಿತರ ಶಿಕ್ಷಣದ ಸ್ಥಿತಿಯನ್ನು ಇಟ್ಟಾಗ ಅಂಬೇಡ್ಕರರು ಈ ಧಾರವಾಡದ ಪ್ರಕರಣವನ್ನು ಎತ್ತಿ ತೋರಿಸಿದರು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು ಗೆಳೆಯರೇ. ಒಂದು ಕಡೆ, ಶಾಲೆಯೊಳಗೆ ಯಾವ ಭಾಷೆ ಇರಬೇಕು ಎಂಬ ಜಗಳ. ಇನ್ನೊಂದು ಕಡೆ, ಶಾಲೆಯೊಳಗೆ ಯಾವ ಮಗು ಇರಬೇಕು ಎಂಬ ಜಗಳ. ಮೊದಲನೆಯದರಲ್ಲಿ ಕನ್ನಡ ಗೆದ್ದಿತು. ಎರಡನೆಯದರಲ್ಲಿ ಕೇರಿ ಬಹಳ ಕಾಲ ಸೋಲುತ್ತಲೇ ಇತ್ತು. ಹಾಗಾಗಿ ಶಾಲೆಗೆ ಬಂದ ಕನ್ನಡ ಯಾರ ಮನೆಯ ಕನ್ನಡ? ಆಗ ಬಾಗಿಲೊಳಗೆ ಇದ್ದವರ ಮನೆಯದು. ಪಠ್ಯ ಬರೆದವರು, ತಿದ್ದಿದವರು, ಪಾಠ ಹೇಳಿದವರು, ಪಾಠ ಕೇಳಿದವರು, ಹೆಚ್ಚುಪಾಲು ಎಲ್ಲರೂ ಓದಿದ ಮೇಲ್ಜಾತಿಗಳವರು. ಅವರ ಮನೆಯ ಮಾತು ‘ಶುದ್ಧ ಕನ್ನಡ’ ಆಯಿತು. ಮೈಸೂರು ಸಂಸ್ಥಾನದಲ್ಲೂ ಪಂಚಮರ ಶಾಲೆ ಎಂದು ಬೇರೆ ಶಾಲೆಗಳಿದ್ದವು. ಶಾಲೆ ಬೇರೆಯಾದರೂ ಅಲ್ಲಿನ ಪಾಠದ ಭಾಷೆ ಆ ‘ಶುದ್ಧ’ವೇ. ಕೇರಿಯವರು ಒಳಗೆ ಬರುವ ಹೊತ್ತಿಗೆ ಗೋಡೆ, ಚಾವಣಿ, ಬಾಗಿಲು ಎಲ್ಲಾ ಎದ್ದು ನಿಂತಿತ್ತು. ನಮಗೆ ಉಳಿದದ್ದು ತಲೆ ಬಗ್ಗಿಸಿ ಒಳಗೆ ಬರುವ ಕೆಲಸ.

2

ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ಮಗು ‘ಆಲು’ ಅನ್ನುತ್ತದೆ. ಮೇಷ್ಟ್ರು ‘ಹಾಲು’ ಅನ್ನು ಅನ್ನುತ್ತಾರೆ. ಮಗು ಮತ್ತೆ ‘ಆಲು’ ಅನ್ನುತ್ತದೆ. ತರಗತಿ ನಗುತ್ತದೆ. ಹೆದರಿದ ಮಗು ಆಮೇಲೆ ಹಕಾರ ಬೇಕಾದ ಕಡೆ ಬಿಟ್ಟು ಬೇಡದ ಕಡೆ ಸೇರಿಸುತ್ತದೆ. ‘ಆನೆ’ ಹೋಗಿ ‘ಹಾನೆ’ ಆಗುತ್ತದೆ. ತರಗತಿ ಇನ್ನೂ ಜೋರಾಗಿ ನಗುತ್ತದೆ. ಅಲ್ಲಿಗೆ ಆ ಮಗು ಬಾಯಿ ಮುಚ್ಚಿತು. ಕೆಲವರದು ಹತ್ತು ವರ್ಷ ಮುಚ್ಚಿಕೊಂಡೇ ಇರುತ್ತದೆ. ‘ಈ ಜನ ಮಂಕು, ಬಾಯೇ ಬಿಡೋದಿಲ್ಲ’ ಎಂಬ ತೀರ್ಪು ಆಮೇಲೆ ಬರುತ್ತದೆ.

ಈಗ ಭಾಷೆಯ ಚರಿತ್ರೆ ಏನು ಹೇಳುತ್ತದೆ ಕೇಳಿ. ಪಂಪನ ಕಾಲದ ಕನ್ನಡದಲ್ಲಿ ಇದ್ದದ್ದು ‘ಪಾಲ್’. ತಮಿಳರು ಇವತ್ತಿಗೂ ‘ಪಾಲ್’ ಅನ್ನುತ್ತಾರೆ, ತೆಲುಗರು ‘ಪಾಲು’ ಅನ್ನುತ್ತಾರೆ. ಹತ್ತನೇ ಶತಮಾನದ ಸುಮಾರಿಗೆ ಕನ್ನಡ ಶಾಸನಗಳಲ್ಲಿ ಪದದ ಮೊದಲ ಪಕಾರ ಹಕಾರವಾಗುವುದು ಕಾಣಿಸಿಕೊಳ್ಳುತ್ತದೆ. ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಅದು ಹಬ್ಬಿಕೊಂಡಿತು. ಪೂವು ಹೂವಾಯಿತು, ಪುಲಿ ಹುಲಿಯಾಯಿತು, ಪಾಲು ಹಾಲಾಯಿತು. ತುಟಿ ಮುಚ್ಚಿ ಹೇಳುತ್ತಿದ್ದ ಅಕ್ಷರ ಸಡಿಲಗೊಂಡು ಬರೀ ಉಸಿರಾಯಿತು. ಆ ಉಸಿರೂ ಸಡಿಲಗೊಂಡರೆ ‘ಆಲು’. ಪಾಲು, ಹಾಲು, ಆಲು, ಇದು ಒಂದೇ ದಾರಿಯ ಮೂರು ಮೈಲಿಗಲ್ಲು. ಎರಡನೇ ಕಲ್ಲಿನ ಹತ್ತಿರ ನಿಂತ ಪಂಡಿತರು ಮೊದಲನೇ ಕಲ್ಲಿನಿಂದ ತಾವು ನಡೆದು ಬಂದದ್ದನ್ನು ‘ಭಾಷಾ ವಿಕಾಸ’ ಅನ್ನುತ್ತಾರೆ. ಮೂರನೇ ಕಲ್ಲಿಗೆ ಹೋದ ಕೇರಿಯ ಮಗುವನ್ನು ‘ನಾಲಿಗೆ ತಿರುಗದವನು’ ಅನ್ನುತ್ತಾರೆ. ಪಂಪ ಎದ್ದು ಬಂದು ‘ಹಾಲು’ ಎಂಬ ಮಾತನ್ನು ಕೇಳಿಸಿಕೊಂಡರೆ ಯಾರ ಅಂಗೈ ಮೇಲೆ ಬೆತ್ತ ಇಡಬೇಕು ಸ್ವಾಮಿ?

ಮಹಾಪ್ರಾಣದ ಕತೆಯೂ ಇಂಥದ್ದೇ. ಮಗು ‘ಬಾರತ’ ಎಂದು ಬರೆದರೆ ಅಂಕ ಹೋಯಿತು. ಆದರೆ ಮಹಾಪ್ರಾಣ ಕನ್ನಡದ ಸ್ವಂತ ಪದಗಳ ಸೊತ್ತಲ್ಲ, ಅದು ಹೆಚ್ಚಾಗಿ ಸಂಸ್ಕೃತದಿಂದ ಎರವಲು ತಂದ ಪದಗಳ ಜೊತೆ ಬಂದದ್ದು. ವೇದಿಕೆ ಮೇಲೆ ಮಾತಾಡುವ ಎಷ್ಟೋ ದೊಡ್ಡವರ ಬಾಯಲ್ಲೂ ಅದು ನಿಲ್ಲುವುದಿಲ್ಲ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಬಟ್ಟರು ಇದನ್ನು ವಾದ ಮಾಡಿ ತೋರಿಸಿ, ಮಹಾಪ್ರಾಣ ಅಕ್ಷರಗಳಿಲ್ಲದೆಯೇ ಪುಸ್ತಕಗಳನ್ನು ಬರೆದರು. ಅವರ ವಾದವನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಆದರೆ ಪಂಡಿತರು ಹೇಳಿದಾಗ ಅದು ಚರ್ಚೆ, ಹಟ್ಟಿಯ ಹುಡುಗಿ ಬರೆದಾಗ ಅದು ಅಜ್ಞಾನ. ಈ ವ್ಯತ್ಯಾಸವನ್ನು ವ್ಯಾಕರಣದಲ್ಲಿ ಹುಡುಕಿದರೆ ಸಿಗುವುದಿಲ್ಲ. ಜಾತಿಯಲ್ಲಿ ಹುಡುಕಬೇಕು.

ಇದನ್ನು ಹೊರಗಿನವರೂ ಗುರುತಿಸಿದ್ದಾರೆ. 1960ರ ಸುಮಾರಿಗೆ ವಿಲಿಯಂ ಮೆಕಾರ್ಮಕ್ ಧಾರವಾಡದ ಕನ್ನಡದಲ್ಲಿರುವ ಜಾತಿ ಭೇದಗಳನ್ನು ಬರೆದರು. ವಿಲಿಯಂ ಬ್ರೈಟ್ ಮತ್ತು ನಮ್ಮವರೇ ಆದ ಎ. ಕೆ. ರಾಮಾನುಜನ್ ಕನ್ನಡ, ತುಳು, ತಮಿಳುಗಳಲ್ಲಿ ಜಾತಿ ಮತ್ತು ಮಾತಿನ ಸಂಬಂಧ ಶೋಧಿಸಿದರು. ಬ್ರೈಟ್ ತೋರಿಸಿದ ಒಂದು ಅಂಶ ಗಮನಿಸುವಂಥದ್ದು. ಹೊರಗಿನ ಪದ ಬಂದಾಗ ಬ್ರಾಹ್ಮಣರ ಮಾತು ಆ ಹೊರಗಿನ ಸದ್ದನ್ನು ಹಾಗೇ ಉಳಿಸಿಕೊಳ್ಳುತ್ತದೆ, ‘ಕಾಫಿ’ ಅನ್ನುತ್ತದೆ. ಉಳಿದವರ ಮಾತು ಅದನ್ನು ಕನ್ನಡದ ಬಾಯಿಗೆ ಒಗ್ಗಿಸಿಕೊಂಡು ‘ಕಾಪಿ’ ಅನ್ನುತ್ತದೆ. ಕನ್ನಡದ ಬಾಯಿಗೆ ಒಗ್ಗಿಸಿಕೊಂಡವನು ಅನಾಗರಿಕ, ಇಂಗ್ಲಿಷಿನ ಬಾಯಿಯನ್ನು ಅಂಟಿಸಿಕೊಂಡವನು ಶುದ್ಧ ಕನ್ನಡಿಗ! ಇದಕ್ಕಿಂತ ದೊಡ್ಡ ತಮಾಷೆ ಇನ್ನೇನಿದೆ?

3

ಸದ್ದಿನ ಮಾತು ಬಿಡಿ, ಪದಗಳಿಗೆ ಬನ್ನಿ. ಕೇರಿಯಲ್ಲಿ ‘ಉಣ್ಣು’ ಅನ್ನುತ್ತಾರೆ, ಪಾಠದಲ್ಲಿ ‘ಊಟ ಮಾಡು’ ಅಥವಾ ‘ಭೋಜನ ಮಾಡು’. ‘ಉಣ್ಣು’ ಕನ್ನಡದ ಹಳೇ ಬೇರು. ‘ಕೂಳು’ ಎಂಬುದು ಹಳಗನ್ನಡದಲ್ಲಿ ಅನ್ನಕ್ಕೆ ಇದ್ದ ಮರ್ಯಾದೆಯ ಪದ. ಅದು ಕೇರಿಯಲ್ಲಿ ಉಳಿಯಿತು, ಊರಿನಲ್ಲಿ ಬೈಗುಳವಾಯಿತು. ಪದ ಕೆಟ್ಟದ್ದಾದದ್ದು ಅದರ ಅರ್ಥದಿಂದಲ್ಲ, ಅದನ್ನು ಉಳಿಸಿಕೊಂಡ ಬಾಯಿಯಿಂದ.

ನಮ್ಮ ಜನರ ದುಡಿಮೆಯ ಪದಗಳನ್ನು ನೋಡಿ. ಕಪಿಲೆ ಬಾವಿಗೆ ಮಿಣಿ ಹೊಸೆಯುವುದು, ತೊಗಲನ್ನು ತಂಗಡಿ ಚೆಕ್ಕೆಯಲ್ಲಿ ಹದ ಮಾಡುವುದು, ಕೆರ ಹೊಲೆಯುವುದು, ತಮಟೆಯನ್ನು ಬೆಂಕಿಗೆ ಕಾಯಿಸಿ ಅದರ ದನಿ ಬಿಗಿ ಮಾಡುವುದು, ಕಣದಲ್ಲಿ ತೂರುವುದು, ಕೊಳಗದಲ್ಲಿ ಅಳೆಯುವುದು. ಒಂದೊಂದು ಕೆಲಸದ ಹಿಂದೆಯೂ ಹತ್ತು ಹದಿನೈದು ಪದ, ಒಂದೊಂದು ಪದದ ಹಿಂದೆಯೂ ತಲೆಮಾರುಗಳ ತಿಳಿವಳಿಕೆ. ತೊಗಲು ಹದ ಮಾಡುವುದು ರಸಾಯನಶಾಸ್ತ್ರ, ಕಪಿಲೆ ಎಳೆಯುವುದು ಭೌತಶಾಸ್ತ್ರ. ಆದರೆ ಈ ಪದಗಳಲ್ಲಿ ಎಷ್ಟು ನಮ್ಮ ಪಠ್ಯಪುಸ್ತಕ ಸೇರಿದವು? ಪುಸ್ತಕದ ಅಮ್ಮ ರಂಗೋಲಿ ಇಡುತ್ತಾಳೆ, ಪುಸ್ತಕದ ಅಪ್ಪ ಪತ್ರಿಕೆ ಓದುತ್ತಾನೆ. ಕೂಲಿಗೆ ಹೋದ ಅವ್ವ, ತೋಟಿ ಕೆಲಸಕ್ಕೆ ಹೋದ ಅಪ್ಪ ಆ ಪುಟದಲ್ಲಿ ಕಾಣುವುದಿಲ್ಲ. ಮಗು ತನ್ನ ಮನೆಯನ್ನು ಪುಸ್ತಕದಲ್ಲಿ ಹುಡುಕಿ ಹುಡುಕಿ, ಕೊನೆಗೆ ತನ್ನ ಮನೆಯೇ ಸರಿಯಿಲ್ಲ ಎಂದುಕೊಳ್ಳುತ್ತದೆ. ಬೆತ್ತದ ಏಟು ಒಂದು ವಾರಕ್ಕೆ ಮಾಯುತ್ತದೆ, ಈ ಏಟು ಮಾಯುವುದಿಲ್ಲ.

ಇನ್ನು ಏಕವಚನ ಬಹುವಚನ. ನಮ್ಮ ಹಟ್ಟಿಗಳಲ್ಲಿ ಅವ್ವನನ್ನು, ಅಪ್ಪನನ್ನು, ದೇವರನ್ನು ‘ನೀನು’ ಎಂದೇ ಕರೆಯುತ್ತೇವೆ. ಅದರಲ್ಲಿ ಅಗೌರವ ಇಲ್ಲ, ಹತ್ತಿರ ಇದೆ. ಅದೇ ಬಾಯಲ್ಲಿ ಮಗು ಮೇಷ್ಟ್ರಿಗೆ ‘ನೀನು’ ಅಂದುಬಿಟ್ಟರೆ ಮುಗಿಯಿತು. ‘ಗೌರವಾರ್ಥ ಬಹುವಚನ’ದ ಪಾಠ ಬೆನ್ನ ಮೇಲೆ ನಡೆಯುತ್ತದೆ. ಸಾಯಂಕಾಲ ಅದೇ ಮಗು ದಾರಿಯಲ್ಲಿ ನೋಡುತ್ತದೆ: ಗೌಡರ ಮನೆಯ ಆರು ವರ್ಷದ ಹುಡುಗ ಅರವತ್ತು ವರ್ಷದ ತನ್ನ ತಾತನನ್ನು ‘ಬಾರೋ ಇಲ್ಲಿ’ ಎಂದು ಕೂಗುತ್ತಾನೆ. ತಾತ ‘ಬಂದೆ ಬುದ್ದಿ’ ಅನ್ನುತ್ತಾನೆ. ಶಾಲೆಯ ವ್ಯಾಕರಣ ಈ ವಾಕ್ಯದ ತಪ್ಪನ್ನು ಯಾವತ್ತೂ ತಿದ್ದಲಿಲ್ಲ.

ಹೆಸರಿನಲ್ಲೂ ಇದೇ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಊರಿನವರ ಹೆಸರಿಗೆ ಅಪ್ಪ, ಅಯ್ಯ, ಗೌಡ ಸೇರುತ್ತದೆ. ಕೇರಿಯವರ ಹೆಸರು ಬಹಳ ಕಡೆ ಕೆಂಪ, ಕರಿಯ, ಚಿಕ್ಕ ಎಂದು ಮೊಟಕಾಗಿ ನಿಲ್ಲುತ್ತಿತ್ತು. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಮೇಷ್ಟ್ರೇ ಜೂನ್ 1 ಎಂದೋ ಜುಲೈ 1 ಎಂದೋ ಬರೆದುಕೊಂಡರು. ಒಂದು ಕೇರಿಯ ಮಕ್ಕಳೆಲ್ಲ ಒಂದೇ ದಿನ ಹುಟ್ಟಿದರು! ಶಾಲೆ ನಮಗೆ ಕೊಟ್ಟ ಮೊದಲ ಲಿಖಿತ ಭಾಷೆ ಇದು, ನಮ್ಮ ಹೆಸರು ಮತ್ತು ನಮ್ಮ ಹುಟ್ಟು, ಎರಡೂ ಬೇರೆಯವರು ಬರೆದದ್ದು.

4

ಮನೆಯ ಮಾತಿಗೆ ಬೇರೆಯದೇ ಹೆಸರಿದ್ದವರ ಕತೆಗೆ ಬರೋಣ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ತುಳು ಕಲಿತರು, ಕನ್ನಡ ಲಿಪಿಯಲ್ಲಿ ತುಳು ಅಚ್ಚು ಹಾಕಿಸಿದರು. 1872ರಲ್ಲಿ ಬ್ರಿಗೆಲ್ ತುಳು ವ್ಯಾಕರಣ ಬರೆದರು, 1886ರಲ್ಲಿ ಮೆನ್ನರ್ ತುಳು ನಿಘಂಟು ತಂದರು. ಆದರೂ ಶಾಲೆಯ ಭಾಷೆಯಾಗಿ ನೆಲೆ ನಿಂತದ್ದು ಕನ್ನಡ. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತುಳು ತಮ್ಮ ಮಾತೃಭಾಷೆ ಎಂದು ಬರೆಸಿದರು. ಅದು ಪ್ರೌಢ ತರಗತಿಗಳ ಹೊತ್ತಿಗೆ ಆಯ್ದುಕೊಳ್ಳಬಹುದಾದ ಮೂರನೇ ಭಾಷೆಯಾಗಿ ಶಾಲೆಯೊಳಗೆ ಕಾಲಿಟ್ಟದ್ದು 2010ರ ನಂತರ. ಪಾಡ್ದನಗಳನ್ನು ಸಾವಿರಾರು ಸಾಲು ಬಾಯಲ್ಲಿಟ್ಟುಕೊಂಡ ನಲಿಕೆಯವರು, ಪಂಬದರು, ಪರವರು ಅಕ್ಷರ ಬಾರದವರು ಎನ್ನಿಸಿಕೊಂಡರು. ಪಾಡ್ದನದ ಬಗ್ಗೆ ಡಾಕ್ಟರೇಟ್ ಬರೆದವರು ವಿದ್ವಾಂಸರಾದರು.

ತುಳುವಿನ ಕೆಳಗೂ ಇನ್ನೊಂದು ಮೆಟ್ಟಿಲಿದೆ. ಕೊರಗರಿಗೆ ತಮ್ಮದೇ ಮಾತಿದೆ. ಕೊರಗರ ಮಗು ಕೊಪ್ಪದಲ್ಲಿ ತನ್ನ ಮಾತು, ಊರಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ ಹೀಗೆ ಮೂರು ಮೆಟ್ಟಿಲು ಹತ್ತಬೇಕು. ಕುದ್ಮುಲ್ ರಂಗರಾಯರು (1859–1928) ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಜಾತಿಯವರ ಬಹಿಷ್ಕಾರ ಎದುರಿಸಿದರು. ಅವರು ತೆರೆದ ಬಾಗಿಲು ದೊಡ್ಡದು. ಆದರೆ ಕೊರಗರನ್ನು ಮನುಷ್ಯರಂತೆ ಕಾಣದ ಅಜಲು ಪದ್ಧತಿಯನ್ನು ಕಾನೂನು ಮಾಡಿ ನಿಷೇಧಿಸಲು ಈ ರಾಜ್ಯಕ್ಕೆ 2000ನೇ ಇಸವಿ ಬರಬೇಕಾಯಿತು. ಅವರ ಮಾತು ಶಾಲೆಯ ಲೆಕ್ಕಕ್ಕೆ ಯಾವಾಗ ಬರುವುದೋ.

ತಾಂಡಾಗಳದು ಇನ್ನೂ ವಿಚಿತ್ರ. ಲಂಬಾಣಿಗರ ಗೋರಬೋಲಿ ರಾಜಸ್ಥಾನದ ಕಡೆಯ ಮಾತುಗಳ ಬಳಗಕ್ಕೆ ಸೇರಿದ್ದು. ತಾಂಡಾದ ಮಗು ‘ಯಾಡಿ’ ಎಂದು ಅವ್ವನನ್ನು ಕರೆಯುತ್ತದೆ, ‘ಬಾಪು’ ಎಂದು ಅಪ್ಪನನ್ನು ಕರೆಯುತ್ತದೆ. ಶಾಲೆಗೆ ಬಂದರೆ ಮೊದಲ ದಿನದಿಂದಲೇ ಕನ್ನಡ. ಮಗು ಸುಮ್ಮನೆ ಕೂತರೆ ದಡ್ಡ ಎಂಬ ಹಣೆಪಟ್ಟಿ. ಜನಗಣತಿಯಲ್ಲಿ ಏನಾಯಿತು ಗೊತ್ತೇ? 2011ರಲ್ಲಿ ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ಲಮಾಣಿ ಅಥವಾ ಲಂಬಾಡಿ ತಮ್ಮ ಮಾತೃಭಾಷೆ ಎಂದು ಬರೆಸಿದರು. ಸರ್ಕಾರ ಆ ಅಷ್ಟೂ ಜನರನ್ನು ಹಿಂದಿಯ ಕೆಳಗೆ ಸೇರಿಸಿ ಹಿಂದಿ ಮಾತಾಡುವವರ ಲೆಕ್ಕ ಹೆಚ್ಚಿಸಿಕೊಂಡಿತು. ಮನೆಯಲ್ಲಿ ಗೋರಬೋಲಿ, ಶಾಲೆಯಲ್ಲಿ ಕನ್ನಡ, ದೆಹಲಿಯ ಕಡತದಲ್ಲಿ ಹಿಂದಿ! ಒಂದು ಮಗುವಿಗೆ ಮೂರು ಭಾಷೆ, ಮೂರರಲ್ಲಿ ತನ್ನದು ಎಂದು ಯಾವ ಕಾಗದದಲ್ಲೂ ಉಳಿಯದ ಭಾಷೆ ಯಾವುದೋ ಅದೇ ಅದರ ಭಾಷೆ.

ಕೋಲಾರದ ಕಡೆ ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಕೇರಿಗಳಲ್ಲಿ ಮನೆ ಮಾತು ತೆಲುಗು. ಕೆಜಿಎಫ್‌ನಲ್ಲಿ 1880ರ ದಶಕದಿಂದ ಬ್ರಿಟಿಷ್ ಕಂಪನಿಯ ಚಿನ್ನದ ಗಣಿಗೆ ಇಳಿದ ಕೂಲಿಗಳಲ್ಲಿ ಬಹುಪಾಲು ತಮಿಳು ದಲಿತರು. ನೆಲದಡಿ ಸತ್ತವರು ಅವರು, ಕೆಮ್ಮಿ ಕೆಮ್ಮಿ ಸತ್ತವರು ಅವರು. 2001ರಲ್ಲಿ ಗಣಿ ಮುಚ್ಚಿದಾಗ ಬೀದಿಗೆ ಬಿದ್ದವರೂ ಅವರೇ. ಅವರ ಮಕ್ಕಳು ಎರಡು ಭಾಷೆಯ ನಡುವೆ ನಿಂತವರು, ಎರಡು ರಾಜ್ಯಗಳ ರಾಜಕೀಯದ ನಡುವೆಯೂ ನಿಂತವರು.

1961ರ ಜನಗಣತಿ 1652 ಮಾತೃಭಾಷೆಗಳನ್ನು ಪಟ್ಟಿ ಮಾಡಿತ್ತು. 1971ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ‘ಇತರ’ ಎಂಬ ಒಂದು ಗೋಣಿಚೀಲಕ್ಕೆ ತುಂಬಿದರು. 2011ರಲ್ಲಿ ಜನ ಬರೆಸಿದ ಹೆಸರುಗಳು 19,569. ಸೋಸಿ ಸೋಸಿ ಕೊನೆಗೆ ಸರ್ಕಾರ ಲೆಕ್ಕಕ್ಕೆ ಹಿಡಿದ ಭಾಷೆಗಳು 121. ಸೋಸುವ ಬಟ್ಟೆಯಲ್ಲಿ ಉಳಿದವರು ಯಾರು ಎಂದು ನಾನು ಹೇಳಬೇಕಾಗಿಲ್ಲ.

1956ರಲ್ಲಿ ರಾಜ್ಯಗಳು ಭಾಷೆಯ ಮೇಲೆ ಕಟ್ಟಲ್ಪಟ್ಟಾಗ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಕೊಡಲು ರಾಜ್ಯಗಳು ಪ್ರಯತ್ನಿಸಬೇಕು ಎನ್ನುತ್ತದೆ ಅದು. 2009ರ ಶಿಕ್ಷಣ ಹಕ್ಕು ಕಾಯ್ದೆ ‘ಸಾಧ್ಯವಾದ ಮಟ್ಟಿಗೆ’ ಮಾತೃಭಾಷೆ ಎಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ‘ಸಾಧ್ಯವಿರುವ ಕಡೆಯಲ್ಲೆಲ್ಲ’ ಎಂದಿತು. ಕೇರಿ, ತಾಂಡಾ, ಹಾಡಿಗಳ ಪಾಲಿಗೆ ಈ ‘ಸಾಧ್ಯ’ ಎಂಬ ಪದಕ್ಕೆ ಒಂದೇ ಅರ್ಥ, ಸದ್ಯಕ್ಕಿಲ್ಲ.

5

ಹೀಗೆ ಎಪ್ಪತ್ತರ ದಶಕ ಬಂತು. ಹಾಸ್ಟೆಲುಗಳಲ್ಲಿ ಬೆಳೆದ ಮೊದಲ ದೊಡ್ಡ ತಲೆಮಾರು ಕಾಲೇಜು ಮೆಟ್ಟಿಲು ಹತ್ತಿತು. ಹಾಸ್ಟೆಲಿನ ಋಣ ದೊಡ್ಡದು. ಒಂದು ಕೇರಿಯ ಹುಡುಗ ಇನ್ನೊಂದು ಜಿಲ್ಲೆಯ ಕೇರಿಯ ಹುಡುಗನ ಮಾತು ಕೇಳಿದ್ದು ಅಲ್ಲೇ. ‘ನಾನೊಬ್ಬನೇ ತಪ್ಪು ಮಾತಾಡೋನಲ್ಲ’ ಎಂದು ಗೊತ್ತಾದದ್ದೂ ಅಲ್ಲೇ.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ರಾಜ್ಯ ಹೊತ್ತಿ ಉರಿಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಅವರು ಮಂತ್ರಿಗಿರಿ ಬಿಟ್ಟು ಹೋಗಬೇಕಾಯಿತು. ಆ ಮಾತು ಸಾಹಿತ್ಯ ವಿಮರ್ಶೆಯಾಗಿ ಸರಿಯೋ ತಪ್ಪೋ ಎಂದು ಇವತ್ತಿಗೂ ಚರ್ಚೆ ಮಾಡಬಹುದು. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಕೇರಿಯ ಮಗುವಿನ ಮಾತನ್ನು ನೂರು ವರ್ಷ ಬೂಸಾ ಎಂದು ತಳ್ಳಿದಾಗ ಒಂದು ಕಲ್ಲೂ ಏಳಲಿಲ್ಲವಲ್ಲ, ಯಾಕೆ?

ಆ ಬೆಂಕಿಯಿಂದಲೇ ಚಳವಳಿ ಎದ್ದಿತು. ದಲಿತ ಸಂಘರ್ಷ ಸಮಿತಿ ಕಟ್ಟಲ್ಪಟ್ಟಿತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಲೊಪ್ಪದಾಗ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲೇ ಪುಸ್ತಕವಾಗಿ ಬಂದಿತ್ತು, ಅದರ ಹಾಡುಗಳು ಪುಸ್ತಕಕ್ಕಿಂತ ವೇಗವಾಗಿ ಬಾಯಿಂದ ಬಾಯಿಗೆ ಹೋದವು. 1984ರಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಬಂತು. ನಂಜನಗೂಡು ಸೀಮೆಯ ಕೇರಿ ಮಾತು, ಮೇಷ್ಟ್ರ ಬೆತ್ತಕ್ಕೆ ಹೆದರಿ ಮೂಲೆಗೆ ಸರಿದಿದ್ದ ಮಾತು, ಇಡೀ ಕಾದಂಬರಿಯ ಉಸಿರಾಯಿತು. ಇದನ್ನು ಕನ್ನಡಕ್ಕೆ ಅನುವಾದ ಮಾಡಬೇಕು ಎಂಬ ಚೇಷ್ಟೆಯ ಮಾತೂ ಕೇಳಿಬಂತು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅದೇ ಮಾತು ಕನ್ನಡದ ಹೆಮ್ಮೆಯಾಯಿತು. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಓದು ಕಲಿಯದ ಜನರಿಗೂ ಕಾವ್ಯದ ಪರಿಣತಿ ಇದೆ ಎಂದಿತ್ತು, ಕನ್ನಡಗಳು ಹಲವು ಎಂದೂ ಗುರುತಿಸಿತ್ತು. ಸಾವಿರ ವರ್ಷ ಆ ಮಾತನ್ನು ಭಾಷಣದಲ್ಲಿ ಬಳಸಿದವರಿಗೆ ಅದರ ಅರ್ಥ ತೋರಿಸಿದ್ದು ಕೇರಿಯ ಬರಹಗಾರರು.

ಆದರೆ ಶಾಲೆ ಬದಲಾಯಿತೇ? 1981ರಲ್ಲಿ ಗೋಕಾಕ್ ಸಮಿತಿಯ ವರದಿ ಬಂತು. 1982ರಲ್ಲಿ ಡಾ. ರಾಜ್‌ಕುಮಾರ್ ಅವರ ನೇತೃತ್ವದಲ್ಲಿ ನಾಡು ಬೀದಿಗಿಳಿಯಿತು. ಕನ್ನಡ ಪ್ರಥಮ ಭಾಷೆಯಾಗಬೇಕು ಎಂಬ ಕೂಗು ನ್ಯಾಯದ ಕೂಗು. ಸಂಸ್ಕೃತ ಓದಿ ಅಂಕ ಬಾಚಿಕೊಳ್ಳುತ್ತಿದ್ದವರ ನಡುವೆ ಕನ್ನಡದ ಮಕ್ಕಳು ಹಿಂದೆ ಬೀಳುತ್ತಿದ್ದರು. ಆದರೆ ಆ ದೊಡ್ಡ ಚಳವಳಿಯಲ್ಲಿ ‘ಯಾವ ಭಾಷೆ’ ಎಂಬ ಪ್ರಶ್ನೆ ಮೊಳಗಿದಷ್ಟು ‘ಯಾರ ಕನ್ನಡ’ ಎಂಬ ಪ್ರಶ್ನೆ ಮೊಳಗಲಿಲ್ಲ. ಕನ್ನಡ ಗೆದ್ದ ಶಾಲೆಯಲ್ಲೂ ‘ಆಲು’ ಅಂದ ಮಗುವಿನ ಪಾಡು ಹಾಗೇ ಉಳಿಯಿತು.

6

1994ರಲ್ಲಿ ರಾಜ್ಯ ಸರ್ಕಾರ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಎಂಬ ಆದೇಶ ಹೊರಡಿಸಿತು. ಇಪ್ಪತ್ತು ವರ್ಷ ಕೋರ್ಟು ಅಲೆದ ಮೇಲೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ತಂದೆತಾಯಿ ಎಂದಿತು. ಕೇಳಲು ಚೆಂದ. ಆದರೆ ಆಯ್ಕೆ ಎಂಬುದು ದುಡ್ಡಿದ್ದವರ ಬಾಯಲ್ಲಿ ಇರುವಷ್ಟು ಸಲೀಸಾಗಿ ಕೂಲಿಯವರ ಬಾಯಲ್ಲಿರುವುದಿಲ್ಲ. ಉಳ್ಳವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು. ಕನ್ನಡ ಉಳಿಸುವ ಭಾರ ಕೇರಿಯ ಮಕ್ಕಳ ಹೆಗಲಿಗೆ ಬಿತ್ತು. ನೂರು ವರ್ಷ ನಿನ್ನದು ಕನ್ನಡವೇ ಅಲ್ಲ ಅನ್ನಿಸಿಕೊಂಡ ಮಕ್ಕಳು ಈಗ ಕನ್ನಡದ ಕಾವಲುಗಾರರು!

ಹಾಗಾಗಿ ಕೂಲಿ ಮಾಡುವ ಅವ್ವ ಒಡವೆ ಅಡವಿಟ್ಟು ಮಗಳನ್ನು ಕಾನ್ವೆಂಟಿಗೆ ಕಳಿಸಿದರೆ ಅವಳನ್ನು ಭಾಷಾದ್ರೋಹಿ ಅನ್ನುವ ಹಕ್ಕು ಯಾರಿಗೂ ಇಲ್ಲ. ಅಂಬೇಡ್ಕರರಿಗೆ ಶಾಲೆಯಲ್ಲಿ ಸಂಸ್ಕೃತ ಕಲಿಯಲು ಬಿಡಲಿಲ್ಲ, ಅವರು ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಆಮೇಲೆ ಸಂಸ್ಕೃತವನ್ನೂ ಕಲಿತರು. ಇಂಗ್ಲಿಷಿನಲ್ಲಿ ಜಗತ್ತಿಗೆ ಮಾತಾಡಿದ ಅವರೇ 1920ರಲ್ಲಿ ‘ಮೂಕನಾಯಕ’ ಶುರು ಮಾಡಿದ್ದು ಮರಾಠಿಯಲ್ಲಿ, ತಮ್ಮ ಜನರ ಮನೆಯ ಮಾತಿನಲ್ಲಿ. ಅಧಿಕಾರದ ಭಾಷೆ ಬೇಕು, ಮನೆಯ ಭಾಷೆಯೂ ಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳುವ ವ್ಯಾಪಾರವನ್ನು ಅವರು ಒಪ್ಪಲಿಲ್ಲ.

ಮನೆ ಮಾತನ್ನು ಪೂಜೆ ಮಾಡಿ ಎಂದೂ ನಾನು ಹೇಳುತ್ತಿಲ್ಲ. ‘ಬುದ್ದಿ’, ‘ಅಡ್ಡಬಿದ್ದೆ’ ಎಂಬ ಪದಗಳೂ ನಮ್ಮ ಮನೆ ಮಾತಿನಲ್ಲೇ ಇದ್ದವು. ಅವನ್ನು ಸುಡಬೇಕಿತ್ತು, ಚಳವಳಿ ಸುಟ್ಟಿತು. ಶಾಲೆಯ ಕನ್ನಡ ನಮಗೆ ಅರ್ಜಿ ಬರೆಯಲು ಕಲಿಸಿತು, ಕರಪತ್ರ ಬರೆಯಲು ಕಲಿಸಿತು, ಸಂವಿಧಾನ ಓದಲು ಕಲಿಸಿತು. ಅದನ್ನು ಬಿಡುವುದು ಮೂರ್ಖತನ. ಕೇಳುತ್ತಿರುವುದು ಇಷ್ಟೇ: ಮಗು ಶಾಲೆಯ ಕನ್ನಡಕ್ಕೆ ನಡೆದು ಹೋಗುವ ದಾರಿ ಅವಮಾನದ ಮೇಲೆ ಹಾಸಿರಬಾರದು.

ಹಳ್ಳಿಯ ಮೇಷ್ಟ್ರುಗಳೇ, ಇದಕ್ಕೆ ಸರ್ಕಾರದ ಸುತ್ತೋಲೆ ಕಾಯಬೇಕಾಗಿಲ್ಲ. ಮಗು ‘ಆಲು’ ಅಂದರೆ ಬೋರ್ಡಿನ ಮೇಲೆ ಪಾಲು, ಹಾಲು, ಆಲು ಮೂರನ್ನೂ ಬರೆದು ಅದರ ಕತೆ ಹೇಳಿ. ಪರೀಕ್ಷೆಗೆ ‘ಹಾಲು’ ಬರೆ, ಅವ್ವನ ಹತ್ತಿರ ‘ಆಲು’ ಕೇಳು, ಎರಡೂ ನಿನ್ನವೇ ಎಂದು ಹೇಳಿ. ತಾಂಡಾದ ಶಾಲೆಯಲ್ಲಿದ್ದರೆ ನೀವು ನೂರು ಪದ ಗೋರಬೋಲಿ ಕಲಿಯಿರಿ. ಮಗು ಸಾವಿರ ಪದ ಕನ್ನಡ ಕಲಿಯುತ್ತದೆ. ದುಡಿಮೆಯ ಪದಗಳನ್ನು ಮಕ್ಕಳಿಂದಲೇ ಬರೆಸಿ. ಅವರ ತಾತಂದಿರು ಹೋದರೆ ಆ ಪದಗಳೂ ಹೋಗುತ್ತವೆ. ದಾಖಲಾತಿ ಪುಸ್ತಕದಲ್ಲಿ ಅಪ್ಪನ ಹೆಸರನ್ನು ಆ ಮನೆಯವರು ಹೇಳಿದಂತೆ ಪೂರ್ತಿ ಬರೆಯಿರಿ. ವಿದ್ಯಾರ್ಥಿ ಗೆಳೆಯರೇ, ಜನಗಣತಿಯವರು ಬಾಗಿಲಿಗೆ ಬಂದಾಗ ಮಾತೃಭಾಷೆಯ ಕಲಂನಲ್ಲಿ ಅವರು ಏನು ಬರೆದುಕೊಂಡರು ಎಂದು ಪಕ್ಕ ನಿಂತು ಓದಿ. ತಪ್ಪಿದ್ದರೆ ತಿದ್ದಿಸಿ. ಇಷ್ಟು ಕಾಲ ತಿದ್ದಿಸಿಕೊಂಡವರು ನಾವು, ಈಗ ತಿದ್ದುವ ಸರದಿಯೂ ನಮ್ಮದು.